ಶಿಕ್ಷೆಯೂ ಶಿಕ್ಷಣವೂ

ಮಕ್ಕಳು ಮಾತು ಕೇಳುವದಿಲ್ಲವೆಂಬ ದೂರು ಇಂದು ಯಾವ ಮನೆಯಲ್ಲಿ ಇಲ್ಲ? ನಾಲ್ವರು ಗೃಹಸ್ಥರು ಕಟ್ಟೆಯ ಮೇಲೆ ಕೂಡಿದರೆ ಮಾತು ಮಳೆ-ಬೆಳೆಗಳಿಂದ ಹೊರಟು, ಕಬ್ಬಿನ ಬಿಲ್ಲಿನ ಮೇಲೆ ಹಾಯ್ದು, ಕೊನೆಗೆ ಈ ದೂರಿಗೇ ಬಂದು ನಿಲ್ಲುವದು. ಆಗ ಯಾರಾದರೊಬ್ಬರು ನಿಟ್ಟುಸಿರು ಬಿಟ್ಟು, "ಇವರನ್ನೆಲ್ಲ ಒಂದು ವರ್ಷ ಮಿಲಿಟರಿಗೆ ಹಾಕಬೇಕು, ಅಲ್ಲಿ ಬಡಿದು ಸರಿಮಾಡುವರು" ಎಂದು ತೀರ್ಪು ಕೊಡುವರು. ನಾವೂ ಬಹುಕಾಲ ಈ ತೀರ್ಪಿಗೆ ತಲೆದೂಗಿದವರೇ. ಮೂವತ್ತನಾಲ್ಕು ವರ್ಷ ರಾಯಬಾಗ, ಅಥಣಿಗಳ ಕಡೆಯ ಹಳ್ಳಿಗಳಲ್ಲಿ ಕನ್ನಡ-ಸಂಸ್ಕೃತಗಳನ್ನು ಕಲಿಸಿ ಈಗ ಚಿಕ್ಕೋಡಿಯಲ್ಲಿ ನಿವೃತ್ತರಾಗಿ ಕುಳಿತಿರುವ ನಮಗೆ, ಬಡಿದು ಸರಿಮಾಡುವ ವಿದ್ಯೆಯು ಸೈನ್ಯದ್ದಲ್ಲ, ನಮ್ಮದೇ ಆಗಿದ್ದಿತು ಎಂದು ತಿಳಿಸಿಕೊಟ್ಟವನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು. ಆ ಪ್ರಸಂಗವನ್ನು ವಾಚಕರ ಮುಂದೆ ಇಡಬೇಕೆಂದು ಈ ಬರಹ.

ನಮ್ಮ ಗಡಿಸೀಮೆಗೂ ದಂಡಿಗೂ ನಂಟು ಹಳೆಯದು. 1768ರಲ್ಲಿ ಹುಟ್ಟಿದ ಮರಾಠಾ ಲೈಟ್ ಇನ್ಫಂಟ್ರಿಯ ಕೇಂದ್ರವು 1922ರಿಂದ ಬೆಳಗಾವಿಯಲ್ಲಿ ನೆಲೆಸಿರುವದು. ಕಿರಿಯ ಅಧಿಕಾರಿಗಳಿಗೂ ಹವಾಲ್ದಾರರಿಗೂ ಕಠಿಣವಾದ ಕಮಾಂಡೊ ಶಿಕ್ಷಣ ಕೊಡುವ ಶಾಲೆಯೂ ಅಲ್ಲಿಯೇ ಇರುವದು. ಗಡಿಯಾಚೆ ಶಿರೋಳ ತಾಲೂಕಿನ ಟಾಕಳಿ ಗ್ರಾಮಕ್ಕಂತೂ 'ಸೈನಿಕ ಟಾಕಳಿ' ಎಂದೇ ಹೆಸರು ಬಿದ್ದಿದೆ. ನಿಪ್ಪಾಣಿಯ ತಂಬಾಕಿನ ಹೊಲಗಳ ಕಡೆಗಾಗಲಿ, ಕಾಗವಾಡದ ಕಬ್ಬಿನ ಸೀಮೆಯಲ್ಲಾಗಲಿ, ನಸುಕಿನ ಕತ್ತಲೆಯಲ್ಲಿ ಹುಡುಗರು ಗುಂಪುಗೂಡಿ ರಸ್ತೆಯ ಮೇಲೆ ಓಡುತ್ತಿದ್ದರೆ, ಎಲ್ಲಿಯೋ ಸೈನ್ಯದ ಭರ್ತಿ ಹತ್ತಿರ ಬಂದಿದೆಯೆಂದು ತಿಳಿಯಬೇಕು.

ನಾವು ಹೇಳಹೊರಟ ಹುಡುಗನು 1998ರಲ್ಲಿ ಎಂಟನೆಯ ಇಯತ್ತೆಯಲ್ಲಿದ್ದನು. ಮನೆಯಲ್ಲಿ ಎರಡೆಕರೆ ಕಬ್ಬು; ತಂದೆಗೆ ದೇಹಸ್ವಾಸ್ಥ್ಯವಿಲ್ಲ. ಪಂಪಸೆಟ್ಟಿಗೆ ಕರೆಂಟು ರಾತ್ರಿಯೇ ಬರುತ್ತಿದ್ದುದರಿಂದ, ಬೆಳಗಿನವರೆಗೆ ನೀರು ಹಾಯಿಸುವ ಕೆಲಸವು ಅವನ ಪಾಲಿಗೆ ಬಂದಿದ್ದಿತು. ಇದೆಲ್ಲ ನಮಗೆ ಆಮೇಲೆ ತಿಳಿದ ಸಂಗತಿ. ಆ ದಿನ ನಮಗೆ ಕಂಡದ್ದು ಇಷ್ಟೇ: ರಾಮ ಶಬ್ದದ ವಿಭಕ್ತಿಗಳನ್ನು ಬರೆದು ತಾ ಎಂದರೆ ಖಾಲಿ ವಹಿಯನ್ನು ತಂದಿದ್ದನು, ಮೇಲಾಗಿ ಪಾಠದ ನಡುವೆ ತೂಕಡಿಸಿದನು. ನಾವು ಕಾರಣ ಕೇಳಲಿಲ್ಲ. ನಲವತ್ತು ಮಕ್ಕಳ ಮುಂದೆ ನಿಲ್ಲಿಸಿ ಎರಡೂ ಅಂಗೈಗಳ ಮೇಲೆ ಛಡಿಯಿಂದ ಹೊಡೆದೆವು. ಅದೇ ಸಾಲಿನ ಕೊನೆಗೆ ಆಡಳಿತ ಮಂಡಳಿಯ ಸದಸ್ಯರೊಬ್ಬರ ಮಗನು ಕುಳಿತಿದ್ದನು, ಅವನೂ ಬರೆದಿರಲಿಲ್ಲ. ಅವನಿಗೆ, "ನಾಳೆ ಬರೆದು ತಾ" ಎಂದಷ್ಟೇ ಹೇಳಿದೆವು. ಏಟು ತಿಂದವನು ಅಳಲಿಲ್ಲ. ಒಮ್ಮೆ ಆ ಹುಡುಗನ ಕಡೆಗೆ, ಒಮ್ಮೆ ನಮ್ಮ ಕಡೆಗೆ ನೋಡಿ ಸುಮ್ಮನೆ ಕುಳಿತುಕೊಂಡನು. ಮುಂದೆ ಹದಿನೈದು ದಿನ ಶಾಲೆಗೆ ಬರಲಿಲ್ಲ.

ಆದರೂ ತಿರುಗಿ ಬಂದನು. ಹತ್ತನೆಯ ಇಯತ್ತೆ ಪಾಸಾದನು. 2003ರಲ್ಲಿ ಸೈನ್ಯಕ್ಕೆ ಸೇರಿದನು. ಭರ್ತಿಯ ಅರ್ಜಿಯನ್ನು ತುಂಬಿಸಿಕೊಳ್ಳಲು ನಮ್ಮಲ್ಲಿಗೇ ಬಂದಿದ್ದನು. ಸಿಪಾಯಿಯಿಂದ ಲಾನ್ಸ್ ನಾಯಕ, ನಾಯಕ, ಹವಾಲ್ದಾರ ಎಂದು ಒಂದೊಂದೇ ಮೆಟ್ಟಿಲೇರಿ ಈಗ ನಾಯಬ ಸುಭೇದಾರನಾಗಿದ್ದಾನೆ. ಹೊಸದಾಗಿ ಬಂದ ಹುಡುಗರನ್ನು ತಿದ್ದುವದೇ ಅವನ ಈಗಿನ ಕೆಲಸ. ರಜೆಗೆ ಬಂದಾಗಲೆಲ್ಲ ಚಿಕ್ಕೋಡಿ ರೋಡ್ ನಿಲ್ದಾಣದಲ್ಲಿ ಇಳಿದು, ಊರಿಗೆ ಹೋಗಿ ಮರುದಿನ ನಮ್ಮ ಮನೆಗೆ ಬರುವದು ಅವನ ಪದ್ಧತಿ.

ಕಳೆದ ಮಾಗಿಯ ಒಂದು ಸಂಜೆ ಹೀಗೆಯೇ ಬಂದು ಕುಳಿತಿದ್ದಾಗ ನಾವು ಕೇಳಿದೆವು: "ತಮ್ಮಾ, ಹದಿನೆಂಟು ಇಪ್ಪತ್ತರ ಹುಡುಗರನ್ನು ಹದ್ದಿನಲ್ಲಿ ಇಡುವದು ಹೇಗೆ? ಚೆನ್ನಾಗಿ ಬಡಿಯುತ್ತೀಯೇನು?"

ಅವನು ನಕ್ಕನು. "ಬಡದ್ರ ಏನಾಗತೈತ್ರಿ ಗುರುಗಳ? ನಾ ನೋಡೂತನಕ ನೆಟ್ಟಗ ನಿಂದರತಾರ; ಬೆನ್ನು ತಿರುವಿದ್ರ ಮುಗೀತು. ಆದ್ರ ಲಡಾಯಿಯೊಳಗ ನಾ ಮುಂದ ಇರಾಂವರಿ. ನನ್ನ ಬೆನ್ನ ಅವರ ಕಡೆ ಇರತೈತಿ. ನಮಗ ಬೇಕಾಗಿದ್ದು ಬೆನ್ನು ತಿರುವಿದ ಮ್ಯಾಲಿನ ಶಿಸ್ತು ರೀ."

ಈ ಒಂದು ಮಾತಿನಲ್ಲಿ ನಾಯಕತ್ವದ ಶಾಸ್ತ್ರವೆಲ್ಲ ಅಡಗಿದೆಯೆಂದು ನಮಗೆ ತೋರಿತು. 1948ರ ನವೆಂಬರ 1ರಂದು, ಸುಮಾರು 11,500 ಅಡಿ ಎತ್ತರದ ಝೋಜಿ ಲಾ ಕಣಿವೆಯಲ್ಲಿ ಟ್ಯಾಂಕುಗಳು ನುಗ್ಗಿದಾಗ, ಮೇಜರ ಜನರಲ್ ಪದವಿಯಲ್ಲಿದ್ದ ನಮ್ಮ ಕೊಡಗಿನ ತಿಮ್ಮಯ್ಯನವರು ಎಲ್ಲಕ್ಕೂ ಮುಂದಿನ ಟ್ಯಾಂಕಿನಲ್ಲಿಯೇ ಇದ್ದರು. 1944ರ ಜುಲೈ 10ರಂದು ಇಟಲಿಯಲ್ಲಿ, ತನ್ನ ತುಕಡಿಯವರೆಲ್ಲ ಸತ್ತೋ ಗಾಯಗೊಂಡೋ ಬಿದ್ದ ಮೇಲೆ, ಮರಾಠಾ ದಳದ ನಾಯಕ ಯಶವಂತ ಘಾಡಗೆ ಒಬ್ಬನೇ ಮಷೀನಗನ್ನಿನ ಮೇಲೆ ಏರಿಹೋಗಿ ಅದನ್ನು ಅಡಗಿಸಿ ಪ್ರಾಣ ಬಿಟ್ಟನು. ಮರಣಾನಂತರ ಅವನಿಗೆ ವಿಕ್ಟೋರಿಯಾ ಕ್ರಾಸ್ ಬಂದಿತು. ಮುಂದೆ ಹೋಗುವವನು ಹಿಂದೆ ನೋಡಿ ಗದರಿಸಲಾರನು. ಹಿಂದಿನವರು ತಾವಾಗಿಯೇ ಬರಬೇಕು.

ಹಾಗಾದರೆ ತಪ್ಪಿದವನಿಗೆ ದಂಡನೆಯೇ ಇಲ್ಲವೇ ಎಂದು ಕೇಳಿದೆವು. ಅದಕ್ಕೆ ಅವನು ಒಂದು ಸಂಗತಿ ಹೇಳಿದನು. ಅವನ ಕೈಕೆಳಗಿನ ಹುಡುಗನೊಬ್ಬನು ರಾತ್ರಿ ಪಹರೆಯಲ್ಲಿ ನಿದ್ರೆ ಹೋದನು. ಸೈನ್ಯದಲ್ಲಿ ಇದು ಸಣ್ಣ ತಪ್ಪಲ್ಲ. ಒಬ್ಬನು ಎಚ್ಚರವಿರುವನೆಂಬ ಭರವಸೆಯ ಮೇಲೆ ಉಳಿದವರೆಲ್ಲ ಮಲಗಿರುತ್ತಾರೆ. ಇವನು ಎಬ್ಬಿಸಿ, ಬೈಯದೆ, ಮೊದಲು ಹಣೆ ಮುಟ್ಟಿ ನೋಡಿದನಂತೆ. ಮೈ ಸುಡುತ್ತಿದ್ದಿತು. ಜ್ವರವೆಂದು ಹೇಳಿದರೆ ಹೆದರಿದನೆಂದಾರೆಂಬ ಅಂಜಿಕೆಯಿಂದ ಹುಡುಗನು ಬಾಯಿ ಬಿಟ್ಟಿರಲಿಲ್ಲ. ಅವನನ್ನು ಆಸ್ಪತ್ರೆಗೆ ಕಳಿಸಿ, ಗುಣವಾದ ಮೇಲೆ ಕಂಪನಿ ಕಮಾಂಡರರ ಮುಂದೆ ನಿಲ್ಲಿಸಿದನು. ಅವರು ಹೆಚ್ಚಿನ ಪಹರೆಯ ದಂಡನೆ ವಿಧಿಸಿದರು.

"ಜ್ವರ ಬಂದಾವನಿಗೆ ದಂಡನೆಯೇ?" ಎಂದೆವು.

"ಜ್ವರಕ್ಕಲ್ಲರಿ, ಹೇಳದ ನಿಂತದ್ದಕ್ಕ. ಕಾರಣ ಕೇಳಬೇಕು ಖರೆ. ಕಾರಣ ಸಿಕ್ಕಿತಂತ ನೇಮ ಬಿಡಾಕ ಬರೂದಿಲ್ಲ. ಆದ್ರ ಆ ರಾತ್ರಿಯೆಲ್ಲ ನಾನೂ ಅವನ ಜೋಡಿ ಪಹರೆ ನಿಂತೆನ್ರಿ. ಸಂಜಿ ಹಾಜರಿಯೊಳಗ ಅವನ ಮಾರಿ ನೋಡಿ ನಾ ತಿಳಕೋಬೇಕಾಗಿತ್ತು, ತಿಳಕೊಳ್ಳಲಿಲ್ಲ. ಅದು ನನ್ನ ತಪ್ಪು."

ಆಮೇಲೆ ಆ ಹುಡುಗನು ಎಂದೂ ಪಹರೆಯಲ್ಲಿ ತಪ್ಪಲಿಲ್ಲವಂತೆ. ಹೊಡೆಯುವ ಮಾತಿನಲ್ಲಿ ಕಾಯ್ದೆಯೂ ಅವನ ಕಡೆಗೇ ಇದೆ. 1950ರ ಸೈನ್ಯ ಕಾಯ್ದೆಯ 47ನೆಯ ಕಲಮಿನಂತೆ, ಕೈಕೆಳಗಿನವನನ್ನು ಹೊಡೆದು ಹಿಂಸಿಸಿದ ಮೇಲಿನವನಿಗೆ ಏಳು ವರ್ಷಗಳವರೆಗೆ ಸೆರೆಯಾಗಬಹುದು. ಶಾಲೆಯಲ್ಲಿ ಮಕ್ಕಳಿಗೆ ದೇಹದಂಡನೆ ಕೂಡದೆಂದು ಶಿಕ್ಷಣ ಹಕ್ಕಿನ ಕಾಯ್ದೆಯು ಹೇಳಿದ್ದು 2009ರಲ್ಲಿ. ಬಂದೂಕು ಹಿಡಿದ ಸಿಪಾಯಿಗೆ ಸಿಕ್ಕ ಈ ರಕ್ಷಣೆಯು ಲೇಖನಿ ಹಿಡಿದ ಕೂಸಿಗೆ ಸಿಕ್ಕಲು ಐವತ್ತೊಂಬತ್ತು ವರ್ಷ ಬೇಕಾದವು. ಕಟ್ಟೆಯ ಮೇಲೆ ತೀರ್ಪು ಕೊಡುವ ನಮ್ಮ ಮಿತ್ರರು ಇದನ್ನು ಗಮನಿಸಬೇಕು.

ಅವನು ಇನ್ನೂ ಒಂದು ಕಷ್ಟವನ್ನು ಹೇಳಿದನು. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ, ಹುಡುಗರು ನಾಲ್ಕು ವರ್ಷಕ್ಕೆಂದು ಬರುವರು. ಅವರೊಳಗೆ ಶೇಕಡಾ 25ರ ವರೆಗೆ ಮಾತ್ರ ಮುಂದೆ ಉಳಿಸಿಕೊಳ್ಳುವದೆಂದು ಆಗ ಗೊತ್ತುಪಡಿಸಲಾಯಿತು. ಆದುದರಿಂದ ಪ್ರತಿಯೊಬ್ಬನ ಕಣ್ಣೂ ಮೇಲಿನವನ ಮೇಲೆ ಇರುವದು. ಯಾರ ಜೊತೆ ನಕ್ಕನು, ಯಾರ ತಪ್ಪನ್ನು ನೋಡಿಯೂ ನೋಡದಂತೆ ಹೋದನು ಎಂಬುದೆಲ್ಲ ಲೆಕ್ಕಕ್ಕೆ ಬರುವದು. "ಒಬ್ಬನ್ನ ಸುಮ್ನ ಬಿಟ್ರ ಉಳಿದವರು ಕೈಬಿಟ್ಟು ಹೋದಂಗರಿ. ಎಷ್ಟರ ಕಠಿಣ ಆಗ್ರಿ, ತಡಕೋತಾರ. ಒಬ್ಬರಿಗೆ ಒಂದು, ಮತ್ತೊಬ್ಬರಿಗೆ ಒಂದು ಮಾಡಿದ್ರ ತಡಕೊಳ್ಳೂದಿಲ್ಲ."

ನಾವು ಮೆಚ್ಚಿ, "ಇದನ್ನೆಲ್ಲ ಸೈನ್ಯದಲ್ಲಿ ಯಾರು ಕಲಿಸಿದರು?" ಎಂದು ಕೇಳಿದೆವು.

ಅವನು ತುಸು ಹೊತ್ತು ಚಹದ ಕಪ್ಪನ್ನು ನೋಡುತ್ತಿದ್ದು, ಮೆಲ್ಲನೆ, "ಸಾಲ್ಯಾಗ ಕಲತೇನ್ರಿ" ಎಂದನು.

ನಾವು ಅದನ್ನು ಯಾವ ಪಾಠದಲ್ಲಿಯೂ ಕಲಿಸಿದ್ದಿಲ್ಲ. ಯಾವ ದಿನ ಕಲಿತನೆಂಬುದು ನಮಗೆ ಹೇಳದೆಯೇ ತಿಳಿಯಿತು. ಇಷ್ಟು ವರ್ಷ ಬಾಯಲ್ಲಿಯೇ ಉಳಿದಿದ್ದ ಮಾತನ್ನು ಅಂದು ಆಡಿದೆವು: "ತಮ್ಮಾ, ಆ ದಿನ ನಮ್ಮದು ತಪ್ಪಾಯಿತು." ಅವನು ತಟ್ಟನೆ ಎದ್ದು ನಮ್ಮ ಕಾಲು ಮುಟ್ಟಿ, "ಬಿಡ್ರಿ ಗುರುಗಳ, ಹಂಗ ಅನಬ್ಯಾಡ್ರಿ. ಛಡಿ ಏಟು ಅವತ್ತ ಮರತೆನ್ರಿ" ಎಂದನು. ಉಳಿದದ್ದನ್ನು ಆಡಲಿಲ್ಲ. ಇನ್ನೊಬ್ಬನನ್ನು ಬಿಟ್ಟದ್ದನ್ನು ಮರೆತಿಲ್ಲವೆಂಬುದು ಆ ಮೌನದಲ್ಲಿಯೇ ಇದ್ದಿತು.

ಅವನು ಹೋದ ಮೇಲೆ ನಮಗೆ ಕಾರಿಯಪ್ಪನವರ ಕಥೆ ನೆನಪಾಯಿತು. 1949ರ ಜನವರಿ 15ರಂದು ಭಾರತೀಯ ಸೈನ್ಯದ ಮೊದಲನೆಯ ಭಾರತೀಯ ಮಹಾದಂಡನಾಯಕರಾದ ಅವರು 1965ರ ಹೊತ್ತಿಗೆ ನಿವೃತ್ತರಾಗಿದ್ದರು. ಆ ವರ್ಷದ ಯುದ್ಧದಲ್ಲಿ ವಿಮಾನ ಹಾರಿಸುತ್ತಿದ್ದ ಅವರ ಮಗನು ಪಾಕಿಸ್ತಾನದಲ್ಲಿ ಸೆರೆಸಿಕ್ಕನು. ಹಿಂದೆ ಕಾರಿಯಪ್ಪನವರ ಕೈಕೆಳಗೆ ದುಡಿದಿದ್ದ ಅಯೂಬ ಖಾನರು ಆತನನ್ನು ಬಿಟ್ಟುಕೊಡಲು ಮುಂದೆ ಬಂದರು. ಸೆರೆಯಲ್ಲಿರುವವರೆಲ್ಲ ತಮ್ಮ ಮಕ್ಕಳೇ, ತಮ್ಮ ಮಗನಿಗೆಂದು ಬೇರೆ ಉಪಚಾರ ಬೇಡವೆಂದು ತಂದೆಯು ತಿಳಿಸಿದರೆಂಬುದು ಪ್ರಸಿದ್ಧವಾಗಿದೆ. ಆ ಯುವಕನು ಮರುವರ್ಷ ಉಳಿದ ಬಂದಿಗಳೊಡನೆಯೇ ಮರಳಿದನು. ಅವರು ತಮ್ಮ ಮಗನಿಗಾಗಿಯೂ ನೇಮ ಬಾಗಿಸಲಿಲ್ಲ; ನಾವು ಪರರ ಮಗನಿಗಾಗಿ, ಅವನ ತಂದೆಯ ಅಧಿಕಾರಕ್ಕೆ ಅಂಜಿ ಬಾಗಿಸಿದೆವು.

ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಂಡನೆಯ ವಿಚಾರವಿದೆ. ದಂಡನೆಯಲ್ಲಿ ಉಗ್ರನಾದವನಿಗೆ ಜನರು ಬೆದರುವರು, ಮೃದುವಾದವನನ್ನು ಕಡೆಗಣಿಸುವರು, ತಕ್ಕುದನ್ನು ವಿಧಿಸುವವನನ್ನು ಗೌರವಿಸುವರೆಂದು ಅದರ ತಾತ್ಪರ್ಯ. ಇದನ್ನು ನಾವು ಎಷ್ಟೋ ಸಲ ವಿವರಿಸಿ ಹೇಳಿದ್ದೆವು. ಆದರೂ ಒಂದೇ ತಾಸಿನಲ್ಲಿ, ಒಂದೇ ತಪ್ಪಿಗೆ, ಒಬ್ಬನಿಗೆ ಉಗ್ರರೂ ಇನ್ನೊಬ್ಬನಿಗೆ ಮೃದುವೂ ಆಗಿ ಎರಡು ದೋಷಗಳನ್ನೂ ಗಳಿಸಿಕೊಂಡೆವು. ಬಿಡಿಸಿಕೊಂಡ ಹುಡುಗನಿಗೂ ನಾವು ಉಪಕಾರ ಮಾಡಲಿಲ್ಲ. ತಂದೆಯ ಹೆಸರಿದ್ದರೆ ನೇಮವಿಲ್ಲವೆಂಬ ಪಾಠವನ್ನು ಅವನು ನಮ್ಮಿಂದಲೇ ಕಲಿತನು.

ಸಂಸ್ಕೃತದಲ್ಲಿ 'ಶಿಕ್ಷಾ' ಎಂದರೆ ಕಲಿಕೆ. ಕನ್ನಡದಲ್ಲಿ 'ಶಿಕ್ಷೆ' ಎಂದರೆ ದಂಡನೆ. ಕಲಿಸುವದನ್ನು ಬಿಟ್ಟು ದಂಡಿಸುವದನ್ನೇ ಹಿಡಿದ ನಮ್ಮಂಥ ಉಪಾಧ್ಯಾಯರೇ ಆ ಶಬ್ದವನ್ನು ಹೀಗೆ ಕೆಡಿಸಿದರೋ ಏನೋ! ಇನ್ನು 'ನಾಯಕ', 'ವಿನಯ' ಎಂಬ ಎರಡು ಶಬ್ದಗಳೂ ಹುಟ್ಟಿದ್ದು 'ನೀ', ಅಂದರೆ ಒಯ್ಯು, ನಡೆಸು ಎಂಬ ಒಂದೇ ಧಾತುವಿನಿಂದ. ವಿನಯವೆಂದರೆ ಹಿಂದಿನವರು ಶಿಸ್ತನ್ನೂ ಹೇಳುತ್ತಿದ್ದರು, ನಮ್ರತೆಯನ್ನೂ ಹೇಳುತ್ತಿದ್ದರು. ತಾನು ತಪ್ಪಿದೆನೆಂದು ಹುಡುಗನ ಜೊತೆ ಪಹರೆ ನಿಂತ ಆ ನಾಯಬ ಸುಭೇದಾರನಲ್ಲಿ ನಾವು ಎರಡೂ ಅರ್ಥಗಳನ್ನು ಕಂಡೆವು.

ಮನೆಯೂ ಒಂದು ಸಣ್ಣ ತುಕಡಿಯೇ. ಮೊಬೈಲು ಕೆಳಗಿಡೆಂದು ಮಗನಿಗೆ ಗದರಿಸುವ ತಂದೆಯ ಕೈಯಲ್ಲಿ ಮೊಬೈಲು ಇರಬಾರದು. ತಪ್ಪು ಕಂಡಾಗ ಕಾರಣವನ್ನು ಮೊದಲು ಕೇಳಬೇಕು. ಕೇಳಿದ ಮೇಲೆ ನೇಮವನ್ನು ಸಡಿಲಿಸಬಾರದು. ಮಗನಿಗೊಂದು, ಮಗಳಿಗೊಂದು ಎಂದು ಅಳತೆ ಬದಲಿಸಬಾರದು. ಗೃಹಸ್ಥರಾದ ನಾವೆಲ್ಲರೂ ಒಂದು ದಿನ ಮಕ್ಕಳ ಕಡೆಗೆ ಬೆನ್ನು ಮಾಡಿ ಮುಂದೆ ಹೋಗತಕ್ಕವರೇ. ಆ ಮೇಲೆ ಅವರಲ್ಲಿ ಎಷ್ಟು ಶಿಸ್ತು ಉಳಿಯುವದೋ, ನಾವು ಕಲಿಸಿದ್ದು ಅಷ್ಟೇ.