ಲೆಕ್ಕಕ್ಕೆ ಮುಯ್ಯಾಳು

ಆಟದ ಯಂತ್ರ ಕೊಡುವ ಸುಖ ಆಡುವಾಗಿನದು ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದು ಯಾರೂ ಆಡದ ಹೊತ್ತಿನಲ್ಲಿ ಕೊಟ್ಟ ಸುಖವೇ ನನಗೆ ದೊಡ್ಡದು. ತುಮಕೂರಿನ ನಮ್ಮ ಮನೆಯ ಪ್ಲೇಸ್ಟೇಷನ್ 3 ಸಂಜೆ ಮಕ್ಕಳ ಕಾರು ಓಡಿಸುತ್ತಿತ್ತು. ರಾತ್ರಿ ಪ್ರೋಟೀನ್ ಮಡಚುತ್ತಿತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜಯ್ ಪಾಂಡೆಯವರ ತಂಡ 2000ದಲ್ಲಿ ಶುರುಮಾಡಿದ ಫೋಲ್ಡಿಂಗ್ ಅಟ್ ಹೋಮ್ ಎಂಬ ಯೋಜನೆ 2007ರ ಮಾರ್ಚ್‌ನಲ್ಲಿ ಈ ಯಂತ್ರಕ್ಕೂ ಬಂತು. ನಮ್ಮ ಮೈಯೊಳಗಿನ ಪ್ರೋಟೀನ್ ಮೊದಲು ಉದ್ದನೆಯ ಸರಪಳಿ. ಅದು ಸರಿಯಾಗಿ ಮಡಚಿಕೊಂಡರಷ್ಟೇ ಕೆಲಸಕ್ಕೆ ಬರುತ್ತದೆ. ತಪ್ಪಾಗಿ ಮಡಚಿ ಗುಪ್ಪೆಗೂಡುವುದಕ್ಕೂ ಆಲ್‌ಝೈಮರ್, ಪಾರ್ಕಿನ್‌ಸನ್ ಕಾಯಿಲೆಗಳಿಗೂ ನಂಟಿದೆ. ಈ ಮಡಚುವಿಕೆಯನ್ನು ಕಂಪ್ಯೂಟರಿನಲ್ಲಿ ನೋಡಬೇಕೆಂದರೆ ಒಂದೊಂದು ಪರಮಾಣುವಿನ ಎಳೆತ, ತಳ್ಳಾಟವನ್ನು ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕಬೇಕು. ಹೆಜ್ಜೆ ಎಷ್ಟು ಚಿಕ್ಕದೆಂದರೆ, ಸೆಕೆಂಡಿನ ಸಾವಿರದ ಒಂದು ಪಾಲನ್ನು ದಾಟುವುದಕ್ಕೇ ಸುಮಾರು 50,000 ಕೋಟಿ ಹೆಜ್ಜೆ ಬೇಕು.

ಗುಬ್ಬಿ ಕಡೆ ರಾಗಿ ಕೊಯ್ಲಿಗೆ ಮುಯ್ಯಾಳು ಹೋಗುವುದುಂಟು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಈ ಲೆಕ್ಕ ಸಾಗುವುದೂ ಹಾಗೆಯೇ. ಕೆಲಸವನ್ನು ತುಂಡುತುಂಡಾಗಿ ಹಂಚುತ್ತಾರೆ. ನಮ್ಮ ಪಾಲಿಗೆ ಬಂದದ್ದನ್ನು ಮುಗಿಸಿ ಕಳಿಸಿದರೆ ಅಲ್ಲಿ ಎಲ್ಲವನ್ನೂ ಜೋಡಿಸುತ್ತಾರೆ. ಸೋನಿ, ತೋಷಿಬಾ, ಐಬಿಎಂ ಸೇರಿ ಮಾಡಿದ, ನಮ್ಮ ಯಂತ್ರದೊಳಗಿನ ಸೆಲ್ ಎಂಬ ಚಿಪ್ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಮುಖ್ಯ ಭಾಗ ಕೆಲಸ ಹಂಚಿಕೊಟ್ಟರೆ, ಆರು ಪುಟ್ಟ ಭಾಗಗಳು ಒಟ್ಟೊಟ್ಟಿಗೆ ಗುಣಿಸಿ ಕೂಡುತ್ತವೆ. 2007ರ ಸೆಪ್ಟೆಂಬರ್‌ನಲ್ಲಿ ಈ ಮನೆಮನೆಯ ಯಂತ್ರಗಳ ಬಲದಿಂದ ಯೋಜನೆ ಒಂದು ಪೆಟಾಫ್ಲಾಪ್ ಮುಟ್ಟಿತು. ಎಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ! ಜಗತ್ತಿನ ಯಾವ ಸೂಪರ್‌ಕಂಪ್ಯೂಟರೂ ಆಗ ಆ ಗೆರೆ ದಾಟಿರಲಿಲ್ಲ. ಮರುವರ್ಷ ದಾಟಿದ ರೋಡ್‌ರನ್ನರ್ ಒಳಗಿದ್ದದ್ದೂ ಇದೇ ಸೆಲ್ ವಂಶದ ಚಿಪ್.

ಇದಕ್ಕೂ ಒಂದು ಹದವಿದೆ. ಯಂತ್ರವನ್ನು ಕಪಾಟಿನೊಳಗೆ ತುರುಕಬಾರದು; ಹಿಂದೆ ಮುಂದೆ ಗಾಳಿಯಾಡಬೇಕು. ಕಿಂಡಿಗಳ ಧೂಳನ್ನು ಬ್ರಷ್ಷಿನಿಂದ ಆಗಾಗ ಕೊಡವಬೇಕು. ಬೇಸಿಗೆಯ ಹಗಲು ಅದಕ್ಕೆ ರಜೆ, ಮಾಗಿಯ ರಾತ್ರಿ ಸುಗ್ಗಿ. ಮೊದಮೊದಲ ಮಾದರಿ ಸುಮಾರು 200 ವಾಟ್ ಎಳೆಯುತ್ತಿತ್ತು, ಹತ್ತು ಗಂಟೆಗೆ ಎರಡು ಯೂನಿಟ್ ಕರೆಂಟು. ಆ ಎರಡು ಯೂನಿಟ್ಟನ್ನು ನಾನು ದಾನವೆಂದು ಸಂತೋಷದಿಂದ ಲೆಕ್ಕ ಹಿಡಿದಿದ್ದೆ. ಪರದೆಯ ಮೇಲೆ ಬಣ್ಣದ ಗುಂಡುಗಳ ಅಣು ಅಲುಗಾಡುತ್ತಿತ್ತು. ಕಂಟ್ರೋಲರ್‌ನಿಂದ ಅದನ್ನು ತಿರುಗಿಸಿ ಎಲ್ಲ ಮಗ್ಗುಲೂ ನೋಡುತ್ತಿದ್ದೆ. ಕೈಕೂಡಿಸಿದವರ ಊರುಗಳು ಭೂಪಟದಲ್ಲಿ ದೀಪದ ಚುಕ್ಕಿಗಳಾಗಿ ಕಾಣುತ್ತಿದ್ದವು.

ಕುಣಿಗಲ್‌ನಿಂದ ಬಂದು ತಂಗಿದ್ದ ದೊಡ್ಡಪ್ಪ ಒಮ್ಮೆ ಕೇಳಿದರು: “ಯಾರೂ ಆಡ್ತಿಲ್ಲ, ಇದ್ಯಾಕೋ ಉರೀತಾ ಐತೆ?” ಲೋಟ ಹಿಡಿದರೆ ಅವರ ಕೈ ನಡುಗುತ್ತಿತ್ತು. “ನಿಮ್ಮ ಕೈ ನಡುಗ್ತದಲ್ಲ ದೊಡ್ಡಪ್ಪ, ಅಂಥ ಕಾಯಿಲೆ ಯಾಕೆ ಬರ್ತದೆ ಅಂತ ಹುಡುಕೋರಿಗೆ ಲೆಕ್ಕ ಮಾಡ್ಕೊಡ್ತೈತೆ” ಎಂದೆ. ಅವರು ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ಕೂತರು. “ಹಂಗಾದ್ರೆ ಆರಿಸ್ಬ್ಯಾಡ” ಎಂದರು.

ಈ ವಿಜ್ಞಾನ ನಮಗೆ ದೂರದ್ದೂ ಅಲ್ಲ. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂದು 1963ರಲ್ಲಿ ನಕ್ಷೆ ಬರೆದು ತೋರಿಸಿದವರು ಮದ್ರಾಸಿನ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ರಾಮಚಂದ್ರನ್ ಅವರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆಣ್ವಿಕ ಜೀವಭೌತ ವಿಜ್ಞಾನದ ವಿಭಾಗ ಕಟ್ಟಿದರು. ಲೋಕದ ಪ್ರೋಟೀನ್ ತಜ್ಞರೆಲ್ಲ ಬಳಸುವ ಆ ನಕ್ಷೆಯ ಒಡೆಯರು ಕೆಲಸ ಮಾಡಿದ ಜಾಗ ನಮ್ಮೂರಿನಿಂದ ಎಪ್ಪತ್ತು ಕಿಲೋಮೀಟರ್ ಆಚೆಗಿದೆ ಎನ್ನುವುದು ನನಗೆ ಹೆಮ್ಮೆ.

ಪ್ಲೇಸ್ಟೇಷನ್ 3ರ ಸೇವೆ 2012ರ ನವೆಂಬರ್‌ನಲ್ಲಿ ಮುಗಿಯಿತು. ಅಷ್ಟರಲ್ಲಿ ಒಂದೂವರೆ ಕೋಟಿ ಜನ ಕೈಜೋಡಿಸಿದ್ದರು. ಯೋಜನೆ ಮಾತ್ರ ನಿಲ್ಲಲಿಲ್ಲ. 2020ರಲ್ಲಿ ಕೊರೊನಾ ವೈರಸ್ಸಿನ ಪ್ರೋಟೀನ್‌ಗಳ ಬೆನ್ನುಹತ್ತಿದಾಗ, ಜನ ತಂತಮ್ಮ ಕಂಪ್ಯೂಟರ್ ಕೊಟ್ಟು ಅದನ್ನು ಎಕ್ಸಾಫ್ಲಾಪ್ ದಾಟಿಸಿದರು, 2007ರ ದಾಖಲೆಯ ಸಾವಿರ ಪಟ್ಟು. ಆಗ ನನ್ನ ಲ್ಯಾಪ್‌ಟಾಪೂ ಆ ಸಾಲಿನಲ್ಲಿತ್ತು. ಆಟಕ್ಕೆಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡ ಗುಬ್ಬಿ, ಕುಣಿಗಲ್‌ನ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟು: ಆಟ ಮುಗಿದ ಮೇಲೆ ಒಂದು ರಾತ್ರಿ ಅದನ್ನು ಲೆಕ್ಕಕ್ಕೆ ಬಿಟ್ಟು ನೋಡಿ. ಪ್ರಯೋಗಾಲಯದ ಮೆಟ್ಟಿಲು ಹತ್ತದವರಿಗೂ ವಿಜ್ಞಾನದಲ್ಲಿ ಮಾಡುವಂಥ ನಿಜವಾದ ಕೆಲಸ ಇದೆ.