ಹಿರೋಳ್ಳಿಯ ಗರಿಪತಂಗ

ಆಳಂದ ದಾಟಿ ಹಿರೋಳ್ಳಿಯ ಹಾದಿ ಹಿಡಿದರೆ ಬಸ್ಸಿನ ಎರಡೂ ಬದಿಗೆ ತೊಗರಿಯೇ ತೊಗರಿ. ಡಿಸೆಂಬರಿನ ಎರೆ ಹೊಲ. ಅಲ್ಲಲ್ಲಿ ಉಳಿದ ಹಳದಿ ಹೂ, ಉಳಿದಂತೆ ಬಲಿಯುತ್ತಿರುವ ಕಾಯಿ. ಮಹಾರಾಷ್ಟ್ರದ ಗಡಿಗಂಟಿದ ಊರಿದು. ಚೆಕ್‌ಪೋಸ್ಟಿನ ಲಾರಿಗಳನ್ನು ಹಿಂದೆ ಬಿಟ್ಟು ಬದುವಿಗೆ ಇಳಿದೆ.

"ಏನ್ ಹುಡುಕ್ಲಾಕತ್ತೀರಿ ಸರ?" ಹೊಲದ ಯಜಮಾನರು ಕೇಳಿದರು.

"ಹುಳ ಕಾಕಾ."

"ಕಾಯಿಕೊರಕನೇನ್ರಿ? ಅದಕ್ಕ ಆಗಲೇ ಎಣ್ಣಿ ಹೊಡದೀನಿ."

ಈ ಸೀಮೆಯಲ್ಲಿ ಹುಳ ಅಂದರೆ ಕಾಯಿಕೊರಕವೇ. 1997-98ರಲ್ಲಿ ಅದು ತೊಗರಿಯನ್ನು ನುಂಗಿದ ಬಗೆಯನ್ನು ಹಿರಿಯರು ಮರೆತಿಲ್ಲ. ಗಿಡ ಅಲ್ಲಾಡಿಸಿ, ಉದುರಿದ ಹುಳಗಳನ್ನು ಬಟ್ಟೆಯಲ್ಲಿ ಹಿಡಿದು ಕೊಂದ ಕಾಲ ಅದು. ಕಾಯಿಕೊರಕದ ನೆರಳಲ್ಲಿ ತೊಗರಿಯ ಇನ್ನೊಂದು ಹುಳ, ಗರಿಪತಂಗ, ಯಾರ ಕಣ್ಣಿಗೂ ಬೀಳದೆ ಬದುಕಿದೆ. ನನಗೆ ಬೇಕಾಗಿದ್ದು ಅದೇ.

ಎಲೆಯ ಕೆಳಗೆ ಒಂದು ಸಿಕ್ಕಿತು. ಬೂದುಗಂದು ಬಣ್ಣದ, ಒಣ ಹುಲ್ಲುಕಡ್ಡಿಯಂಥ ಮೈ. ರೆಕ್ಕೆಗಳನ್ನು ಎರಡೂ ಪಕ್ಕಕ್ಕೆ ನೀಟಾಗಿ ಚಾಚಿ ಕೂತಿತ್ತು. ಮುಂದಿನ ರೆಕ್ಕೆ ಎರಡಾಗಿ, ಹಿಂದಿನದು ಮೂರಾಗಿ ಸೀಳಿದೆ. ಪ್ರತಿ ಸೀಳಿನ ಅಂಚಿಗೂ ಕೂದಲಿನ ಕುಚ್ಚು. ಇಷ್ಟು ನಾಜೂಕಾದ ಜೀವವನ್ನು ಪೀಡೆ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ಅನ್ಯಾಯ. 1885ರಲ್ಲಿ ಇದನ್ನು ಮೊದಲು ವಿವರಿಸಿದವರು ಇಂಗ್ಲೆಂಡಿನ ಲಾರ್ಡ್ ವಾಲ್ಸಿಂಗಮ್. ಇಂದಿನ ಹೆಸರು ಎಕ್ಸೆಲಾಸ್ಟಿಸ್ ಅಟೊಮೋಸಾ.

ಮೊಗ್ಗು, ಎಳೆಗಾಯಿಗಳ ಮೇಲೆ ತಾಯಿ ಒಂದೊಂದೇ ಮೊಟ್ಟೆ ಇಡುತ್ತದೆ. ಮೈತುಂಬ ಮುಳ್ಳುಗೂದಲಿನ ಮರಿ ಮೊದಲು ಕಾಯಿಯ ಸಿಪ್ಪೆ ಕೆರೆಯುತ್ತದೆ, ಆಮೇಲೆ ತೂತು ಕೊರೆಯುತ್ತದೆ. ಪೂರ್ತಿ ಒಳಹೊಗುವುದಿಲ್ಲ, ಹೊರಗೇ ನಿಂತು ಕಾಳು ತಿನ್ನುತ್ತದೆ. ಕಾಯಿಯ ಮೇಲೆಯೇ ಕೋಶವಾಗುತ್ತದೆ. ಆ ಕೋಶಕ್ಕೂ ಕೂದಲು ಇರುವುದರಿಂದ ಮರಿಯೇ ಮಲಗಿದೆ ಅನಿಸುತ್ತದೆ.

ಒಂದು ಕಾಯಿ ತಿರುಗಿಸಿ ತೋರಿಸಿದೆ. ಕಾಕಾ ಕಣ್ಣು ಕಿರಿದು ಮಾಡಿ ನೋಡಿದರು. "ಇದೂ ಹುಳನೇನು? ನಾ ಕಸ ಅಂತ ತಿಳಿದಿದ್ದೆ. ಮತ್ತೊಮ್ಮಿ ಎಣ್ಣಿ ಹೊಡೀಲೇನು?"

ಬೇಡ ಅಂದೆ. ಬಹುತೇಕ ಕಾಯಿಯೊಳಗೆ ಕಾಳು ಗಟ್ಟಿಯಾಗಿತ್ತು, ಮರಿಗಳು ವಿರಳ. ಅಪಾಂಟೆಲಿಸ್ ಎಂಬ ಪುಟ್ಟ ಕಣಜದ ಹುಳು ಈ ಮರಿಗಳ ಮೈಯಲ್ಲೇ ಮೊಟ್ಟೆ ಇಡುತ್ತದೆ. ಒಳಗೆ ಬೆಳೆದ ಕಣಜದ ಮರಿ ಗರಿಪತಂಗದ ಮರಿಯನ್ನು ತಿಂದು ಮುಗಿಸುತ್ತದೆ. ಎಣ್ಣೆ ಬಿದ್ದರೆ ಮೊದಲು ಸಾಯುವುದು ಆ ಕಣಜವೇ.

"ಹಂಗಾರ ಈ ಸಲ ಡಬ್ಬಿ ತರಂಗಿಲ್ಲ ಬಿಡ್ರಿ," ಎಂದು ಕಾಕಾ ಪಕ್ಕದ ಸಾಲಿನ ಕಾಯಿಗಳನ್ನು ತಿರುಗಿಸತೊಡಗಿದರು.