ಎದೆ ತುಂಬಿ ಉಧೋ

ಬೆಂಗಳೂರಿನ ಸಿಗ್ನಲ್‌ನಲ್ಲಿ ಸಿಕ್ಕಿಬಿದ್ದಾಗ ಹಾರ್ನ್ ಒತ್ತುವ ಬದಲು ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಟ್ಟು ನೋಡಿ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ. ಇದಕ್ಕೆ ಆ್ಯಪ್ ಬೇಕಿಲ್ಲ, ಚಂದಾ ಕಟ್ಟಬೇಕಿಲ್ಲ.

ಹೀಗೆ ಉದ್ದಕ್ಕೆ ಉಸಿರು ಬಿಡುವುದು ನಮ್ಮೂರ ಕಡೆ ಹೊಸತಲ್ಲ. ಸವದತ್ತಿ ತಾಲ್ಲೂಕಿನ ನಮ್ಮ ಉಗರಗೋಳದ ಕಡೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಬರುವವರು ಹಣೆ ತುಂಬ ಅರಿಸಿನದ ಭಂಡಾರ ಬಳಿದುಕೊಂಡು ‘ಉಧೋ ಉಧೋ’ ಎಂದು ಎದೆ ಖಾಲಿಯಾಗುವಷ್ಟು ಕೂಗುತ್ತಾರೆ. ಆಮೇಲೆ ಬಂಡಿ ನೆರಳಿಗೆ ಕೂತು ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚುತ್ತಾರೆ. ಪಕ್ಕದ ಬಂಡಿಯವರಿಗೂ ಒಂದು ರೊಟ್ಟಿ ಹೋಗುತ್ತದೆ.

ಸಿಟಿಯಲ್ಲಿ ಹಾಗೆ ಕೂಗಿದರೆ ಮೇಲಿನ ಫ್ಲ್ಯಾಟಿನವರು ಗಾಬರಿಯಾದಾರು, ಬಿಡಿ! ಮಧ್ಯಾಹ್ನದ ಡಬ್ಬಿಯನ್ನಾದರೂ ಮೊಬೈಲ್ ಬದಿಗಿಟ್ಟು, ಯಾರ ಜೊತೆಗಾದರೂ ಹಂಚಿಕೊಂಡು ಉಣ್ಣಿರಿ.